ಗಲ್ಲದಲ್ಲಿ ನಿಂತ ತುತ್ತು

ನಮ್ಮ ಅಪ್ಪ ಮತ್ತು ಕಾಕಾ ವಾರಕ್ಕೆ ನಾಲ್ಕು ಸಲ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಉಳಿದ ಹೊತ್ತು ಇಬ್ಬರಿಗೂ ಮಾತಿರಲಿಲ್ಲ. ಸಂತೆಯ ದಿನ ಮಧ್ಯಾಹ್ನ ಎರಡು ಪಂಕ್ತಿ, ರವಿವಾರ ಎರಡು ಪಂಕ್ತಿ, ಪಂಕ್ತಿಗೊಂದು ಅಪ್ಪುಗೆ. ಸಿಂಧನೂರಿನ ಸಂತೆ ರಸ್ತೆಯಲ್ಲಿ ನಮ್ಮದೊಂದು ಖಾನಾವಳಿ. ಉದ್ದನೆಯ ಪಡಸಾಲೆ, ಅದರ ಒಂದು ತುದಿಗೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆಗೊಂದು ಪರದೆ. ಜನ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಅವರ ಎದುರಿಗೆ ನಮ್ಮ ಮನೆಯವರು ನಾಟಕ ಆಡುತ್ತಿದ್ದರು. ಬಾಗಿಲ ಮೇಲಿನ ಫಲಕದಲ್ಲಿ ಬರೆದದ್ದು ‘ಊಟ ತಯಾರಿದೆ’ ಎಂದಷ್ಟೇ. ಊರು ಮಾತ್ರ ನಮ್ಮನ್ನು ನಾಟಕದ ಖಾನಾವಳಿ ಎಂದೇ ಕರೆಯಿತು, ಈಗಲೂ ಹಾಗೇ ಕರೆಯುತ್ತದೆ. ಮೂವತ್ತು ದಾಟಿದ ಕೂಡಲೇ ಆತ್ಮಕಥನಕ್ಕೆ ಕೂತ ಮಿಮಿಕ್ರಿಯವನನ್ನು ಕಂಡು ನಗುವವರು ನಗಲಿ. ನನ್ನ ಧಿಮಾಕಿಗೆ ಕಾರಣ ಆ ಕಟ್ಟೆ. ಲಿಂಗಸುಗೂರಿನ ಶಾಲೆಯವರು, ಮಸ್ಕಿಯ ಮದುವೆಯವರು ಇಂದು ನನ್ನನ್ನು ಕರೆಸಿ ಶಾಲು ಹೊದಿಸಿದರೆ ಅದರಲ್ಲಿ ಅರ್ಧ ಶಾಲು ನಮ್ಮ ಖಾನಾವಳಿಯ ಕಂಬಗಳಿಗೆ ಸೇರಬೇಕು.

ನಾಟಕ ಒಂದೇ. ಅದಕ್ಕೆ ಹೆಸರೂ ಇರಲಿಲ್ಲ, ಎಲ್ಲರೂ ‘ಅಣ್ಣತಮ್ಮರದು’ ಎನ್ನುತ್ತಿದ್ದರು. ಕಟ್ಟಿದವನು ನಮ್ಮ ತಾತ. ಬರೆದ ಎನ್ನುವಂತಿಲ್ಲ, ಆತ ಬಾಯಲ್ಲಿ ಹೇಳಿದ, ಇವರು ಬಾಯಿಪಾಠ ಮಾಡಿದರು. ನಾನು ನಡೆಯಲು ಕಲಿಯುವ ಮೊದಲೇ ಆತ ತೀರಿಕೊಂಡ. ಕಾಲುವೆ ನೀರಿನ ಪಾಳಿಗಾಗಿ ಅಣ್ಣನಾದ ಗೌಡ, ಓದಿದ ತಮ್ಮನೊಡನೆ ಜಗಳ ಕಾಯುತ್ತಾನೆ, ಒಡ್ಡು ಒಡೆಯುತ್ತಾನೆ, ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಜವಳಗೇರಾ, ವಳಕಮದಿನ್ನಿ ಕಡೆಯಿಂದ ಬಂದು ಕೂತವರಿಗೆ ಇದು ನಾಟಕ ಎನಿಸುತ್ತಿರಲಿಲ್ಲ, ಬೆಳಿಗ್ಗೆ ಮನೆಯಲ್ಲಿ ಬಿಟ್ಟು ಬಂದದ್ದೇ ಇಲ್ಲಿ ಮುಂದುವರಿದಂತೆ ಇರುತ್ತಿತ್ತು. ಊಟಕ್ಕೆ ತಕ್ಕಂತೆ ಅಂಕ. ರೊಟ್ಟಿ ನಡೆಯುವವರೆಗೆ ಜಗಳ, ಅನ್ನಕ್ಕೆ ರಾಜಿ, ಮಜ್ಜಿಗೆಗೆ ಮಂಗಳ. ಆ ರಾಜಿ ಬಹಳ ಗಡಿಬಿಡಿಯದು. ಇಷ್ಟು ಹೊತ್ತು ಕೊಡಲಿ ಹಿಡಿದು ಕುಣಿದ ಗೌಡ ಏಕಾಏಕಿ ‘ತಮ್ಮಾ’ ಎಂದು ಬಾಚಿ ತಬ್ಬಿಕೊಳ್ಳುತ್ತಿದ್ದ. ಅನ್ನ ಆರಿ ಹೋಗುತ್ತದೆಂದು ಹೀಗೆ ಅವಸರ ಮಾಡುತ್ತಾರೆ ಎಂದು ನಾನು ಓಣಿಯ ಹುಡುಗರಿಗೆಲ್ಲ ವಿವರಿಸಿದ್ದೆ.

ಮನೆಯಲ್ಲಿ ಎಲ್ಲಕ್ಕಿಂತ ಮೇಲಿನ ಕಾನೂನು ಎಂದರೆ ಬಣ್ಣ ಹಚ್ಚಿದವರೇ ಬಡಿಸಬೇಕು. ಅದೂ ಪಾತ್ರ ಬಿಡದೆ. ಅಪ್ಪ ಗೌಡನ ಮೀಸೆಯಲ್ಲೇ ಎಣ್ಣೆಗಾಯಿಯ ಬೋಗುಣಿ ಹಿಡಿದು ಸಾಲಿಗೆ ಇಳಿದರೆ ಉಣ್ಣುವವರು ಬಿಡುತ್ತಿರಲಿಲ್ಲ.

“ಏನ್ರೀ ಗೌಡ್ರ, ತಮ್ಮಗ ನೀರು ಬಿಡಂಗಿಲ್ಲ, ನಮಗ ಪಲ್ಯಾನೂ ಬಿಡಂಗಿಲ್ಲೇನು?”

“ತಮ್ಮಗ ಬಿಟ್ರ ಹೊಲ ತೊಯ್ತೈತಿ. ನಿನಗ ಬಿಟ್ರ ಏನು ಬೆಳಿತೈತಿ, ಹೊಟ್ಟಿ?”

ಸಾಲಿಗೆ ಸಾಲೇ ನಗುತ್ತಿತ್ತು. ನಮ್ಮ ಅವ್ವ ಮಸ್ಕಿಯವಳು, ಗೌಡನ ಹೆಂಡತಿಯ ಪಾತ್ರ ಅವಳದು, ಚಟ್ನಿ ಬಡಿಸಲು ಬಂದರೆ ಹೆಂಗಸರು ಅವಳ ಸೆರಗು ಹಿಡಿದು, “ಏ ತಂಗಿ, ನಿನ್ನ ಗಂಡಗ ನೀನರೆ ಬುದ್ಧಿ ಹೇಳಬಾರದ?” ಎಂದು ನಿಜವಾಗಿಯೇ ಕೇಳುತ್ತಿದ್ದರು. ಅವ್ವ ನಿಜವಾಗಿಯೇ ನಿಟ್ಟುಸಿರು ಬಿಡುತ್ತಿದ್ದಳು. ಅದರಲ್ಲಿ ಎಷ್ಟು ಪಾತ್ರದ್ದು, ಎಷ್ಟು ಮನೆಯದು ಎಂದು ನಾನು ಇವತ್ತಿಗೂ ಕೇಳಿಲ್ಲ.

ನಾವು ವಾಸವಿದ್ದದ್ದೂ ಅಲ್ಲೇ. ಪಡಸಾಲೆಯ ಹಿಂದಿನ ಒಂದು ಕೋಣೆಯಲ್ಲಿ ಜೋಳದ ಚೀಲ ಮತ್ತು ನಾಟಕದ ಬಟ್ಟೆ ಒಟ್ಟಿಗೆ ಬಾಳುತ್ತಿದ್ದವು. ಗೌಡನ ಕೋಟಿನ ಜೇಬಿಗೆ ಕೈ ಹಾಕಿದರೆ ಯಾವಾಗಲೂ ನಾಲ್ಕು ಕಾಳು ಸಿಗುತ್ತಿದ್ದವು. ಬಣ್ಣ ಹಚ್ಚಿಕೊಳ್ಳುವ ಕನ್ನಡಿಯನ್ನು ಉಪ್ಪಿನಕಾಯಿಯ ಕಪಾಟಿಗೆ ನೇತುಹಾಕಿದ್ದರು. ಒಮ್ಮೆ ಕಾಕಾ ಗಡಿಬಿಡಿಯಲ್ಲಿ ಪೌಡರಿನ ಬದಲು ಕಡಲೆಹಿಟ್ಟು ಬಳಿದುಕೊಂಡು ಕಟ್ಟೆ ಹತ್ತಿದ್ದ. ಜನಕ್ಕೆ ಗೊತ್ತಾಗಲಿಲ್ಲ, ನೊಣಗಳಿಗೆ ಗೊತ್ತಾಯಿತು. ಅಡುಗೆಮನೆ ನಮ್ಮ ಅಪ್ಪನ ತಾಯಿಯ ರಾಜ್ಯ. ಊರಿಗೆ ಆಕೆ ಶರಣಮ್ಮ, ನಮಗೆ ಆಯಿ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕಟ್ಟೆಯ ಮೇಲೆ ಅವ್ವ ಅಳುವ ಹೊತ್ತಿಗೆ ಆಯಿಯ ತಟ್ಟುವ ಸಪ್ಪಳ ತಾನಾಗಿ ಸಣ್ಣದಾಗುತ್ತಿತ್ತು. ಆದರೆ ನಾನು ಕಂಡಂತೆ ಆಕೆ ಎಂದೂ ಹೊರಗೆ ಬಂದು ನಾಟಕ ನೋಡಿದವಳಲ್ಲ. ಒಲೆ ಬಿಟ್ಟು ಬರಲು ಆಗುವುದಿಲ್ಲ ಎನ್ನುತ್ತಿದ್ದಳು. ನಾವೂ ನಂಬಿದ್ದೆವು.

ಅಪ್ಪ ಮತ್ತು ಕಾಕಾನ ಜಗಳಕ್ಕೆ ಮೂಲ ಒಂದು ಸೌಟು. ಕಾಕಾ ದೊಡ್ಡ ಸೌಟಿನಲ್ಲಿ ಬಡಿಸುತ್ತಾನೆಂದು ಅಪ್ಪ ಅಂದ, ಅಪ್ಪ ಸಣ್ಣ ಮನಸ್ಸಿನಲ್ಲಿ ಬಡಿಸುತ್ತಾನೆಂದು ಕಾಕಾ ಅಂದ, ಅಲ್ಲಿಗೆ ಮಾತು ನಿಂತಿತು. ಒಂದೇ ಮಾರು ದೂರದಲ್ಲಿ ಕೂತು ಉಣ್ಣುತ್ತ ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು.

“ಲೇ ಬಸ್ಯಾ, ನಿಮ್ಮ ಕಾಕಾಗ ಹೇಳು, ನಾಳೆ ಎಣ್ಣಿ ಡಬ್ಬಿ ಅವನೇ ತರಬೇಕಂತ.”

ಬಾಯಿಗೆ ಬಂದಂತೆ ಹೇಳಿದರೆ ಕಾಕಾ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದಕ್ಕೆ ನಾನು ಮೂಗು ಅರಳಿಸಿ, ಗಂಟಲು ಒಣಗಿಸಿ, ಅಪ್ಪನ ದನಿಯಲ್ಲೇ ಹೇಳತೊಡಗಿದೆ. ಕಾಕಾ ನಗು ತಡೆಯಲಾರದೆ ರೊಟ್ಟಿ ಗಂಟಲಿಗೆ ಸಿಕ್ಕಿಸಿಕೊಂಡು, “ನಿಮ್ಮಪ್ಪಗ ಹೇಳು, ತರ್ತೀನಂತ” ಎನ್ನುತ್ತಿದ್ದ. ಅದನ್ನು ಕಾಕಾನ ದನಿಯಲ್ಲಿ ಅಪ್ಪನಿಗೆ ಮುಟ್ಟಿಸುತ್ತಿದ್ದೆ. ನಾನು ಕಲಾವಿದನಾದದ್ದು ಹೀಗೆ. ಬೇರೆಯವರಿಗೆ ಗುರು ಸಿಗುತ್ತಾರೆ, ನನಗೆ ಮಾತು ಬಿಟ್ಟ ಇಬ್ಬರು ಗಂಡಸರು ಸಿಕ್ಕರು.

ಐದನೆಯ ಕ್ಲಾಸಿಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ನನಗೊಂದು ಜಾಗ ಆಗಿತ್ತು. ಮೊದಲ ಅಂಕ ಮುಗಿದು ಎರಡನೆಯ ಸುತ್ತಿನ ಪಲ್ಯ ಬರುವ ನಡುವಿನ ಐದು ನಿಮಿಷ ನನ್ನವು. ಮುಕ್ಕುಂದದ ಬಸ್ಸಿನ ಕಂಡಕ್ಟರು, ಮಂಡಿಯಲ್ಲಿ ಭತ್ತ ಕೂಗುವವರು, ನಮ್ಮ ಗಣಿತದ ಮಾಸ್ತರರು, ಹಾರ್ಮೋನಿಯಂ ಪೇಟಿ ಬಾರಿಸುವ ನಮ್ಮ ಖಾದರ್ ಚಾಚಾನ ಕೆಮ್ಮು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಚಾಚಾ ಸ್ವತಃ ಪೇಟಿಯ ಹಿಂದಿನಿಂದ ತಿದ್ದುತ್ತಿದ್ದ: “ಅಷ್ಟು ಕಫ ಇಲ್ಲೋ ಬೇಟಾ ನನಗ. ಜರಾ ಕಮ್ಮಿ ಮಾಡು.” ಜನ ನನ್ನ ಹೆಸರು ಹಿಡಿದು ಕೂಗತೊಡಗಿದಾಗ ನಾನು ನೆಲದ ಮೇಲೆ ನಡೆಯುವುದನ್ನು ಬಿಟ್ಟಿದ್ದೆ. ಅಪ್ಪ ಪಂಕ್ತಿಯುದ್ದಕ್ಕೂ ಕಿರುಚಿ ಗಳಿಸಿದ ಚಪ್ಪಾಳೆಯನ್ನು ಐದು ನಿಮಿಷದಲ್ಲಿ ಗಳಿಸುತ್ತೇನೆಂದು ಊಟದ ಹೊತ್ತಿನಲ್ಲಿ ಅಪ್ಪನಿಗೇ ಹೇಳಿದ್ದೆ. ಅಪ್ಪನ ದನಿಯಲ್ಲೇ.

ಹಾಗಿರುವಾಗ ಒಂದು ಸಂತೆಯ ದಿನ ಮಾಡಿ ತೋರಿಸಲು ಹೊಸಬರು ಯಾರೂ ಉಳಿದಿರಲಿಲ್ಲ. ಕಟ್ಟೆಯ ಮೇಲೆ ನಿಂತು ಸಾಲಿನ ಮೇಲೆ ಕಣ್ಣಾಡಿಸಿದೆ. ಎರಡನೆಯ ಕಂಬದ ಬುಡದಲ್ಲಿ ಮುಕ್ಕುಂದದ ಪಂಪಣ್ಣ ಕೂತಿದ್ದರು. ತಾತನ ಕಾಲದಿಂದ ಬರುವವರು, ಭತ್ತದ ರೈತರು, ಎಪ್ಪತ್ತರ ಹತ್ತಿರದವರು. ಯಾವಾಗಲೂ ಅದೇ ಕಂಬ. ಅವರು ಉಣ್ಣುವ ರೀತಿ ಇಡೀ ಪಂಕ್ತಿಗೆ ಗೊತ್ತಿತ್ತು. ಮುಖ ಗೋಡೆಯ ಕಡೆ ತಿರುಗಿಸಿ, ಕತ್ತು ವಾಲಿಸಿ ಕೂರುತ್ತಿದ್ದರು. ತುತ್ತನ್ನು ಒಂದು ಗಲ್ಲದಲ್ಲಿ ಇಟ್ಟುಕೊಂಡು ಜಗಿಯದೆ ಸುಮ್ಮನಾಗುತ್ತಿದ್ದರು, ಗಲ್ಲ ಲಿಂಬೆಹಣ್ಣಿನಂತೆ ಉಬ್ಬಿರುತ್ತಿತ್ತು. ಪೇಟಿ ಶುರುವಾದ ಕೂಡಲೇ ಗಿರಣಿ ಚಾಲೂ ಆದಂತೆ ಜಗಿಯುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ಕತ್ತು ವಾಲಿಸಿದೆ. ಗಲ್ಲ ಉಬ್ಬಿಸಿ ಕಣ್ಣು ಗೋಡೆಗೆ ನೆಟ್ಟೆ. ಚಾಚಾನಿಗೆ ಸನ್ನೆ ಮಾಡಿದೆ. ಪೇಟಿ ನುಡಿಯಿತು, ನನ್ನ ಗಿರಣಿ ಚಾಲೂ ಆಯಿತು. ಪೇಟಿ ನಿಂತಿತು, ಗಿರಣಿ ನಿಂತಿತು. ಅಂಥ ನಗೆಯನ್ನು ಆ ಪಡಸಾಲೆ ಅಲ್ಲಿಯವರೆಗೆ ಕೇಳಿರಲಿಲ್ಲ. ಎಲ್ಲರೂ ಕಂಬದ ಕಡೆ ತಿರುಗಿ ನಕ್ಕರು. ಪಂಪಣ್ಣನ ಗಲ್ಲದಲ್ಲಿ ಆಗಲೂ ತುತ್ತು ಇತ್ತು. ಅವರು ಅದನ್ನು ನುಂಗಿದರು, ತಾಟಿನಲ್ಲಿ ಎರಡು ರೊಟ್ಟಿ ಇದ್ದ ಹಾಗೇ ಎದ್ದರು, ಕೈ ತೊಳೆದು ಟವಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿದರು.

ಅಡುಗೆಮನೆಯಲ್ಲಿ ತಟ್ಟುವ ಸಪ್ಪಳ ನಿಂತಿತು. ಆಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಆ ತಾಟನ್ನು ನೋಡಿದಳು. ನಮ್ಮಲ್ಲಿ ಉಣ್ಣುತ್ತ ಕೂತವರು ಅರ್ಧಕ್ಕೆ ಎದ್ದು ಹೋದದ್ದು ಅದೇ ಮೊದಲು. ಪಂಕ್ತಿ ಮುಗಿದು ಜನ ಹೋದರು. ಆಮೇಲೆ ನನ್ನನ್ನು ಕರೆದಳು.

“ಅವ ಬಂದು, ಕುಂತು, ಹೊಟ್ಟಿತುಂಬ ಉಂಡು ಕೈ ತೊಳಿಯೋತನ ನೀ ಕಟ್ಟಿ ಹತ್ತಂಗಿಲ್ಲ.”

“ಆಯಿ, ಎಲ್ಲಾರೂ ನಕ್ಕರು...”

“ಎಲ್ಲಾರೂ ಉಂಡು ಹೋದ್ರು. ಅವ ಉಣಲಾರದ ಹೋದ.”

ಅಪ್ಪ ಏನೋ ಅನ್ನಲು ಹೋದ. ಆಯಿ ಅವನ ಕಡೆ ತಿರುಗಲೂ ಇಲ್ಲ.

“ಇನ್ನೊಂದು ಕೇಳು ಬಸ್ಯಾ. ಅವ ಬರೋತನ ಅವನ ಜಾಗದಾಗ ನೀನೇ ಕುಂತು ಉಣಬೇಕು. ಅವ ಹೆಂಗ ಉಣ್ತಾನ ಅಂತ ನಿನಗ ಬಾಳ ಗೊತ್ತೈತಲ್ಲ.”

ಹೀಗೆ ಸಿಂಧನೂರಿನ ಖ್ಯಾತ ಕಲಾವಿದ ಕಂಬದ ಬುಡಕ್ಕೆ ಬಂದು ಬಿದ್ದ. ನಾಟಕದ ಮೊದಲ ಎರಡು ದಿನ ಸಿಟ್ಟಿನಲ್ಲಿ ತಲೆ ತಗ್ಗಿಸಿ ಉಂಡೆ. ಪಕ್ಕದಲ್ಲಿ ಕೂತ ಗಿರಾಕಿಗಳು, “ಯಾಕೋ ಸಾಹೇಬ, ಇವತ್ತ ರಜಾನ?” ಎಂದು ಚುಚ್ಚಿದರು, ಉತ್ತರ ಕೊಟ್ಟರೆ ಆಯಿಗೆ ಕೇಳಿಸುತ್ತಿತ್ತು. ಮೂರನೆಯ ದಿನ ಖಡಕ್ ರೊಟ್ಟಿ. ಕಟ್ಟೆಯ ಮೇಲೆ ಅವ್ವ ಗಂಡನ ಕೊಡಲಿಗೆ ಅಡ್ಡ ನಿಂತು ಮಾತು ಶುರುಮಾಡಿದಳು. ನಾನು ಹುಟ್ಟಿದಾಗಿನಿಂದ ಪರದೆಯ ಹಿಂದಿನಿಂದ ಕೇಳಿದ ಮಾತು, ಎದುರಿಗೆ ಕೂತು ಕೇಳಿದ್ದೇ ಇಲ್ಲ. ನನ್ನ ಬಾಯಲ್ಲಿ ರೊಟ್ಟಿ ಕರಕರ ಎನ್ನುತ್ತಿತ್ತು. ಅವ್ವನ ತುಟಿ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ಅರ್ಧಂಬರ್ಧ ಬರುತ್ತಿತ್ತು. ನನ್ನ ತಲೆಯೊಳಗಿನ ಆ ಕರಕರವೇ ಅವಳ ಮಾತನ್ನು ನುಂಗುತ್ತಿತ್ತು. ಜಗಿಯುವುದನ್ನು ನಿಲ್ಲಿಸಿದೆ. ಮಾತು ಪೂರ್ತಿ ಬಂತು. ಇನ್ನೂ ಚೆನ್ನಾಗಿ ಕೇಳಲೆಂದು ಕತ್ತು ತಿರುಗಿಸಿ ಎಡಗಿವಿಯನ್ನು ಕಟ್ಟೆಗೆ ಕೊಟ್ಟೆ; ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಪೇಟಿ ನುಡಿದ ಕೂಡಲೇ, ಮತ್ತೆ ಮಾತು ಶುರುವಾಗುವ ಮೊದಲು ನುಂಗಿಬಿಡಬೇಕೆಂದು ಗಬಗಬ ಜಗಿದೆ. ಜಗಿಯುತ್ತಿರುವಾಗಲೇ ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯಿತು. ಅಣಕಿಸಲೆಂದು ಮಾಡಿದ್ದಲ್ಲ, ಆದರೂ ನನ್ನ ಮೈಮೇಲೆ ಪೂರ್ತಿ ಪಂಪಣ್ಣನೇ ಬಂದಿದ್ದರು.

ಸಂಜೆ ಪಾತ್ರೆ ತೊಳೆಯುವಾಗ ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಅವರಿಗೆ ಬಲಗಿವಿ ಕೇಳಂಗಿಲ್ಲ. ಎಡಗಿವಿನೂ ಅಷ್ಟಕ್ಕಷ್ಟ. ಜಗದ್ರ ಮಾತು ತಪ್ತಾವು ಅಂತ ಹಂಗ ತುತ್ತು ಇಟ್ಕೊಂಡು ಕುಂದರ್ತಾರ.”

“ನಿನಗ ಮೊದಲೇ ಗೊತ್ತಿತ್ತೇನು?”

“ಕಟ್ಟಿ ಮ್ಯಾಲ ನಿಂತೋರಿಗೆ ಎಲ್ಲಾರಿಗೂ ಗೊತ್ತೈತಿ. ನಿಮ್ಮಪ್ಪ, ನಿಮ್ಮ ಕಾಕಾ, ನಾ, ಅವರ ಗಲ್ಲ ನೋಡೇ ಮಾತು ಬಿಡ್ತಿದ್ವಿ. ಗಲ್ಲ ನಿಂತ್ರ ಮಾತು ನಾಟೇತಿ ಅಂತ. ಆಡಾಕತ್ರ ಇನ್ನೊಂಚೂರು ಜೋರು ಹಿಡಿಬೇಕು ಅಂತ.” ಅವಳು ತಾಟು ಕವುಚಿ ಇಟ್ಟಳು. “ಈಗ ಎರಡು ವಾರ ಆತು, ನಿಮ್ಮಪ್ಪ ಒದರಾಕತ್ಯಾನ ನೋಡು. ಯಾರ ಗಲ್ಲ ನೋಡಬೇಕು ಅವ?”

ನಾನು ಕಟ್ಟೆ ಕಳೆದುಕೊಂಡದ್ದು ನನ್ನ ಮಟ್ಟಿಗಾಯಿತು. ಇಡೀ ಮನೆಯ ಅಳತೆಯ ಕೋಲನ್ನೇ ಎಬ್ಬಿಸಿ ಕಳಿಸಿದ್ದೇನೆಂದು ಆಗ ಗೊತ್ತಾಯಿತು. ಮುಂದಿನ ಸಂತೆಗೂ ಪಂಪಣ್ಣ ಬರಲಿಲ್ಲ. ಅದರ ಮರುದಿನ ಅವ್ವ ನನ್ನ ಕೈಗೊಂದು ಬುತ್ತಿಗಂಟು ಕೊಟ್ಟು, ಗುರುತಿನ ಕಂಡಕ್ಟರಿಗೆ ಹೇಳಿ ಮುಕ್ಕುಂದದ ಬಸ್ಸು ಹತ್ತಿಸಿದಳು. ಇದೇ ಕಂಡಕ್ಟರನ್ನು ನಾನು ಕಟ್ಟೆಯ ಮೇಲೆ ನೂರು ಸಲ ಮಾಡಿದ್ದೆ. ಆತ ದಾರಿಯುದ್ದಕ್ಕೂ ನನ್ನನ್ನು ಮಾಡುತ್ತ ಬಂದ, ಚೆನ್ನಾಗಿಯೇ ಮಾಡಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಗುವ ಕಡೆ ಕೂತವರಿಗೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು, ನಗೆಗೀಡಾದವನು ಎತ್ತ ನೋಡಬೇಕೆಂಬುದು ಗೊತ್ತಿರಲಿಲ್ಲ. ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನು ನೋಡಿದೆ.

ಪಂಪಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವರ ಸೊಸೆ ಎಡಗಡೆಗೆ ಹೋಗಿ ಬಗ್ಗಿ, “ಮಾವಾ, ನಾಟಕದ ಖಾನಾವಳಿ ಹುಡುಗ ಬಂದಾನ್ರಿ” ಎಂದು ಕೂಗಿದಳು.

“ಯಾವನು? ಆ ಅಣಕಸೋನಾ?”

“ಹೌದ್ರಿ,” ಎಂದೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ.

“ಇಲ್ಲೀತನ ಬಂದಿ? ಅಣಕಸೂದು ಇನ್ನೂ ಏನರೆ ಉಳದೈತೇನು?”

“ಊಟ ಉಳದೈತ್ರಿ. ಎರಡನೇ ಅಂಕ ಶುರು ಆಗೂ ಮುಂದ ನೀವು ಎದ್ದು ಬಂದ್ರಿ. ತಾಟಿನಾಗ ಎರಡು ರೊಟ್ಟಿ ಇದ್ದವು. ಅಲ್ಲಿಂದ ಮುಂದಿನ ಊಟಾನೂ ತಂದೀನಿ, ಅಲ್ಲಿಂದ ಮುಂದಿನ ನಾಟಕಾನೂ ತಂದೀನಿ.”

ಸೊಸೆ ಬಾಯಿಗೆ ಸೆರಗು ಹಿಡಿದಳು. ಪಂಪಣ್ಣ ಹಗ್ಗ ಬದಿಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತಾಟು ತಗೊಂಬಾರವಾ,” ಎಂದರು.

ಅವರ ಎಡಗಡೆ ನಿಂತು ಎರಡನೆಯ ಅಂಕ ಎತ್ತಿಕೊಂಡೆ. ಅಪ್ಪನಾಗಿ ಬೈದೆ, ಕಾಕಾ ಆಗಿ ತಿರುಗಿ ಬೈದೆ, ಅವ್ವನಾಗಿ ನಡುವೆ ಬಂದೆ. ಮೂಗಿನಲ್ಲಿ ಪೇಟಿ ಬಾರಿಸಿದೆ, ರೂಢಿಯಂತೆ ಚಾಚಾನ ಕೆಮ್ಮನ್ನೂ ಸೇರಿಸಿದೆ. ಪಂಪಣ್ಣ ರೊಟ್ಟಿ ಮುರಿದು ಬಾಯಿಗಿಟ್ಟರು, ಜಗಿದರು. ನಾನು ಗೌಡನಾಗಿ ಆರ್ಭಟಿಸಿದರೂ ಜಗಿದರು, ತಮ್ಮನಾಗಿ ಬೇಡಿಕೊಂಡರೂ ಜಗಿದರು. ಐದು ನಿಮಿಷದ ಚಪ್ಪಾಳೆಯ ಸರದಾರನಿಗೆ ಒಂದು ಗಲ್ಲವನ್ನು ನಿಲ್ಲಿಸಲಾಗುತ್ತಿರಲಿಲ್ಲ. ಅವ್ವನ ಕಡೆಯ ಮಾತುಗಳಿಗೆ ಬಂದಾಗ ಆ ಕಂಬದ ಬುಡದಲ್ಲಿ ಕೂತು ಕೇಳಿದ್ದು ನೆನಪಾಯಿತು. ಸೆರಗು, ಕಣ್ಣೀರು, ಕೈ ಆಡಿಸುವುದು ಎಲ್ಲ ಬಿಟ್ಟೆ. ಕೇಳಿದ್ದನ್ನಷ್ಟೇ ಹೇಳಿದೆ. ಗಲ್ಲ ನಿಂತಿತು. ಅಲ್ಲಿಂದ ನೇರವಾಗಿ ‘ತಮ್ಮಾ’ ಎಂದು ಕೂಗಿ ಗಾಳಿಯನ್ನು ತಬ್ಬಿಕೊಂಡೆ.

ಪಂಪಣ್ಣ ತುತ್ತು ಬಾಯಲ್ಲೇ ಇಟ್ಟುಕೊಂಡು ಕೈ ಎತ್ತಿದರು. ನುಂಗಿದ ಮೇಲೆ ಕೇಳಿದರು:

“ಓಲೇಕಾರ ಎಲ್ಲಿ?”

“ಯಾವ ಓಲೇಕಾರ್ರಿ?”

“ಪತ್ರ ತರಾಂವ. ನಿಮ್ಮ ತಾತ ಮಾಡ್ತಿದ್ದ. ಅವ ಬರಲಾರದ ಗೌಡ ಹೆಂಗ ಕರಗ್ತಾನ? ಸುಮ್ಮ ಸುಮ್ಮನ ಹೋಗಿ ತಬ್ಬಿಕೊಂತಾನೇನು?”

ನನಗೆ ಗೊತ್ತಿಲ್ಲ ಎಂದೆ. ಆಗ ಅವರು ಎದ್ದು ನಿಂತರು. ಆ ಪಾತ್ರ ಪರದೆಯ ಹಿಂದಿನಿಂದ ಬರುತ್ತಿರಲಿಲ್ಲವಂತೆ. ಬೀದಿ ಬಾಗಿಲಿಂದ ಒಳಗೆ ಬಂದು, ಉಣ್ಣುವವರ ಸಾಲುಗಳ ನಡುವೆ ನಡೆದು ಕಟ್ಟೆಗೆ ಹೋಗುತ್ತಿತ್ತಂತೆ. ಪಂಪಣ್ಣ ಅಂಗಳದ ತುದಿಗೆ ಹೋಗಿ ತಿರುಗಿದರು. ಬೆನ್ನು ಬಾಗಿತು, ಒಂದು ಕಾಲು ಎಳೆಯಿತು, ಬಿಸಿಲಲ್ಲಿ ಬಹಳ ದೂರ ನಡೆದು ಬಂದ ಮನುಷ್ಯನೊಬ್ಬ ನನ್ನ ಎದುರಿಗೆ ಬಂದು ಟವಲ್ಲಿನಿಂದ ಮುಖ ಒರೆಸಿಕೊಂಡು ಉಸಿರು ಎಳೆದುಕೊಂಡ. ನಾನು ಅಷ್ಟು ಚೆನ್ನಾಗಿ ಮಾಡುವವರನ್ನು ನೋಡಿರಲಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ನನ್ನ ಬಾಯಲ್ಲಿ ಇದು ಸುಲಭಕ್ಕೆ ಬರುವ ಮಾತಲ್ಲ. ಪಂಪಣ್ಣ ನನಗೆ ಗೌಡನ ಮಾತು ಹೇಳಿಕೊಟ್ಟರು. ನಾನು ಕೇಳಿದೆ:

“ಏನು ಬರದಾನ ನನ್ನ ತಮ್ಮ?”

“ಏನೂ ಬರದಿಲ್ರಿ ಗೌಡ್ರ. ಬಿಳೇ ಹಾಳಿ. ‘ನನ್ನ ಸಾಲಿಗೆ ಕಳಸಾಕ ಅಂತ ನಮ್ಮಣ್ಣ ತಾ ಸಾಲಿ ಬಿಟ್ಟಾನ, ಅವಗ ಓದಾಕ ಬರಂಗಿಲ್ಲ, ಕೈಯಾಗ ಕೊಡು ತಿಳಿತೈತಿ’ ಅಂದಾನ್ರಿ.”

ಅಪ್ಪ ಅಷ್ಟು ವರ್ಷ ಯಾತಕ್ಕೆ ತಬ್ಬಿಕೊಳ್ಳುತ್ತಿದ್ದನೆಂದು ಅಪ್ಪನಿಗೂ ಮರೆತುಹೋಗಿತ್ತೇನೋ. ಪಂಪಣ್ಣ ಕೂತು ತಾಟು ಎಳೆದುಕೊಂಡರು.

“ನಿಮ್ಮ ತಾತ ಹೋದ ಮ್ಯಾಲ ಆ ಪಾತ್ರ ಯಾರೂ ಮಾಡಬಾರದು ಅಂತ ನಿಮ್ಮ ಆಯಿ ಅಂದ್ಲು. ಸರಿ, ಆಕಿ ಮಾತು. ಆದ್ರೂ ಆ ಜಾಗ ಬಂದಾಗೆಲ್ಲ ತುತ್ತು ಹಿಡಕೊಂಡು ಕುಂದರ್ತೀನಿ, ಇವತ್ತರೆ ಯಾರರೆ ಅಂತಾರೇನೋ ಅಂತ. ನೀ ಅಣಕಿಸಿದಿ ನೋಡು, ಅದಾ ತುತ್ತು.”

ನಾನು ಕಾಲಿಗೆ ಬೀಳಲು ಹೋದೆ. ಅವರು ಮೊಣಕಾಲಿನಿಂದಲೇ ತಡೆದರು.

“ಅದೆಲ್ಲ ಬ್ಯಾಡ. ಓಲೇಕಾರ ಬಂದ್ರ ನಾ ಬರ್ತೀನಿ. ಹೋಗಿ ನಿಮ್ಮ ಆಯಿಗೆ ಹೇಳು.”

ಬಸ್ಸಿನಲ್ಲಿ ಕೂತು ನನ್ನ ಪರಿಸ್ಥಿತಿಯನ್ನು ಯೋಚಿಸಿದೆ. ಪಂಪಣ್ಣ ಉಂಡ ಹೊರತು ನಾನು ಕಟ್ಟೆ ಹತ್ತುವಂತಿಲ್ಲ, ಅದು ಆಯಿಯ ಮಾತು. ಓಲೇಕಾರ ಬಂದ ಹೊರತು ಪಂಪಣ್ಣ ಉಣ್ಣುವುದಿಲ್ಲ. ಓಲೇಕಾರ ಬರಕೂಡದು, ಅದೂ ಆಯಿಯದೇ ಮಾತು. ಮನೆಗೆ ಬಂದವನು ನೇರ ಅಡುಗೆಮನೆಗೆ ಹೋದೆ. ಅವ್ವ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಆಯಿ ರೊಟ್ಟಿ ತಟ್ಟುತ್ತಿದ್ದಳು. ಹೇಳಿ ಒಪ್ಪಿಸಲು ಧೈರ್ಯ ಸಾಲಲಿಲ್ಲ. ಹೊಸ್ತಿಲಲ್ಲಿ ನಿಂತು ಬೆನ್ನು ಬಾಗಿಸಿದೆ, ಕಾಲು ಎಳೆದೆ, ಮುಖ ಒರೆಸಿಕೊಂ‍ಡೆ, ಉಸಿರು ಎಳೆದುಕೊಂಡು ಆ ಮಾತನ್ನು ಹೇಳಿದೆ. ನನಗೆ ನೆನಪೇ ಇರದ ತಾತ, ಪಂಪಣ್ಣನ ಮೈಯಿಂದ ನನ್ನ ಮೈಗೆ ಬಂದವನು. ಆಯಿಯ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಒಲೆಯ ಮೇಲಿನ ರೊಟ್ಟಿ ಕರಿಯಾಗತೊಡಗಿತು. ಅವ್ವ ಅದನ್ನು ತೆಗೆಯಲು ಹೋಗಲಿಲ್ಲ. ಆಯಿ ನನ್ನ ಕಡೆ ತಿರುಗಿದಳು.

“ಮೊದಲು ಉಸಿರು ತಗೊಂತಿದ್ದ. ಆಮ್ಯಾಲ ಮುಖ ಒರಸ್ತಿದ್ದ.”

“ಹಾಂ?”

“ಪಂಪಣ್ಣಗ ಮರತೈತಿ. ಹೊರಗ ಹೋಗಿ ಇನ್ನೊಂದ್ಸಲ ಬಾ.”

ಹೊರಗೆ ಹೋಗಿ ಇನ್ನೊಂದು ಸಲ ಬಂದೆ. ಆ ಸಂಜೆ ಒಂಬತ್ತು ಸಲ ಹೊರಗೆ ಹೋಗಿ ಬಂದೆ. ಆಯಿ ಹೆಗಲು ತಿದ್ದಿದಳು, ಕಾಲಿನ ಎಳೆತ ತಿದ್ದಿದಳು, “ಅಷ್ಟು ಮುದುಕ ಇರಲಿಲ್ಲ ಅವ” ಎಂದು ಒಮ್ಮೆ ಬೈದಳು. ತಾತ ಬೀದಿಗೆ ಇಳಿಯುವ ಮೊದಲು ಆ ಬಿಳಿ ಹಾಳೆಯನ್ನು ತಾನೇ ಆತನ ಕೈಗೆ ಕೊಡುತ್ತಿದ್ದೆ ಎಂದಳು. ಒಲೆ ಬಿಟ್ಟು ಬರಲು ಯಾಕೆ ಆಗುತ್ತಿರಲಿಲ್ಲ ಎಂದು ಕೇಳುವ ಅಗತ್ಯ ಉಳಿಯಲಿಲ್ಲ.

ಓಲೇಕಾರ ಬರುತ್ತಾನೆಂದು ಅವ್ವ ಅದೇ ಕಂಡಕ್ಟರನ ಕೈಲಿ ಮುಕ್ಕುಂದಕ್ಕೆ ಹೇಳಿಕಳಿಸಿದಳು, ಅಪ್ಪನಿಗೆ ಹಳೆಯ ಮಾತನ್ನು ಆಯಿಯೇ ನೆನಪಿಸಿದಳು. ಮುಂದಿನ ಸಂತೆಯ ದಿನ ಮೊದಲ ಪಂಕ್ತಿಗೇ ಪಂಪಣ್ಣ ಬಂದರು. ಯಾರ ಕಡೆಯೂ ನೋಡದೆ ಕಂಬದ ಬುಡದಲ್ಲಿ ಕೂತು ಟವಲ್ಲು ಮಡಚಿ ಪಕ್ಕಕ್ಕಿಟ್ಟರು. ನಾನು ಹಿಂಬಾಗಿಲಿಂದ ಸುತ್ತಿ ಬೀದಿಗೆ ಬಂದು, ಹಾಳೆ ಹಿಡಿದು, ಬಿಸಿಲಲ್ಲಿ ನಿಂತೆ. ತಾತನ ಟವಲ್ಲು ನನ್ನ ಮೊಣಕಾಲಿನವರೆಗೆ ಬರುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಗಣಿತದ ಮಾಸ್ತರರು, “ಯಾಕಲೇ, ಮನಿ ಬಿಟ್ಟು ಹಾಕ್ಯಾರೇನು?” ಎಂದು ಕೇಳಿದರು, ಅವರಿಗೆ ಅವರ ದನಿಯಲ್ಲೇ ಉತ್ತರ ಕೊಡುವ ಆಸೆಯನ್ನು ನುಂಗಿಕೊಂಡೆ. ಒಳಗೆ ಅವ್ವನ ಮಾತು ಮುಗಿಯಿತು. ಹೊಸ್ತಿಲು ದಾಟುವಾಗ ಟವಲ್ಲು ಕಾಲಿಗೆ ಸಿಕ್ಕಿ ನಿಜವಾಗಿಯೇ ಮುಗ್ಗರಿಸಿದೆ, ಜನ ಅದನ್ನೂ ಪಾತ್ರ ಎಂದುಕೊಂಡರು. ಸಾಲಿನ ನಡುವೆ ನಡೆದೆ. ಎರಡೂ ಕಡೆ ರೊಟ್ಟಿ ಜಗಿಯುವ ಕರಕರ, ಜಲ್ಲಿ ರಸ್ತೆಯ ಮೇಲೆ ನಡೆದಂತೆ. ಕಟ್ಟೆಯ ಮುಂದೆ ನಿಂತು ಉಸಿರು ತೆಗೆದುಕೊಂಡೆ, ಮುಖ ಒರೆಸಿದೆ. ಅಪ್ಪ ಕೇಳಿದ.

“ಏನು ಬರದಾನ ನನ್ನ ತಮ್ಮ?”

ನಾನು ಹಾಳೆ ಚಾಚಿ ಹೇಳಿದೆ. ಕಡೆಯ ಮಾತು ಮುಗಿಯುವ ಹೊತ್ತಿಗೆ ಪಡಸಾಲೆಯಲ್ಲಿ ಒಂದು ರೊಟ್ಟಿಯೂ ಸಪ್ಪಳ ಮಾಡುತ್ತಿರಲಿಲ್ಲ. ಪಂಪಣ್ಣನ ಗಲ್ಲ ನಿಲ್ಲುತ್ತದೆಂದು ಕಾದಿದ್ದೆ, ಸಾಲಿಗೆ ಸಾಲೇ ನಿಂತಿತ್ತು. ಆಮೇಲೆ ನನಗೆ ಶಾಲು, ಹಾರ, ಫೋಟೊ ಎಲ್ಲ ಸಿಕ್ಕಿವೆ. ಆ ನಿಶ್ಶಬ್ದದಷ್ಟು ದೊಡ್ಡದು ಯಾವುದೂ ಸಿಕ್ಕಿಲ್ಲ. ಅಪ್ಪ ಹಾಳೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ, ಕೊಡಲಿ ಕೆಳಗಿಟ್ಟ. ಕಾಕಾನ ಕಡೆಗೆ ಅವಸರವಿಲ್ಲದೆ ನಡೆದ. ಅಂದಿನಿಂದ ಅಪ್ಪ, ಕಾಕಾ ಮಾತಾಡತೊಡಗಿದರು ಎಂದು ಬರೆದರೆ ಚಂದ ಕಾಣುತ್ತಿತ್ತು. ಅವರು ಮಾತಾಡಿದ್ದು ಎರಡು ವರ್ಷದ ಮೇಲೆ, ಟಿವಿಯಲ್ಲಿ ಕ್ರಿಕೆಟ್ ನೋಡುವಾಗ, ಅಂಪೈರನ್ನು ಬೈಯಲು. ಆದರೆ ಆ ಅಪ್ಪುಗೆ ಪೇಟಿಯ ಪದ ಮುಗಿದರೂ ಬಿಡಲಿಲ್ಲ. ಚಾಚಾ ಕೆಮ್ಮಿ ಮತ್ತೊಂದು ಸುತ್ತು ಬಾರಿಸಬೇಕಾಯಿತು.

ನಾನು ಇನ್ನೂ ಸಾಲಿನ ನಡುವೆ ಬಾಗಿಕೊಂಡೇ ನಿಂತಿದ್ದೆ. ತಿರುಗಿ ನೋಡಿದರೆ ಆಯಿ ಅಡುಗೆಮನೆಯ ಬಾಗಿಲಲ್ಲಿ ಇರಲಿಲ್ಲ. ಪಂಪಣ್ಣನ ಪಕ್ಕದಲ್ಲಿ, ಅವರ ಎಡಗಡೆಗೆ, ಹಿಟ್ಟಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಮುಖಮಾಡಿ ಕೂತಿದ್ದಳು. ಮುಂದೆ ಒಂದು ಖಾಲಿ ತಾಟು. ಕಣ್ಣು ಒರೆಸಿಕೊಂಡಿದ್ದರಿಂದ ಕೆನ್ನೆಗೆಲ್ಲ ಜೋಳದ ಹಿಟ್ಟು ಹತ್ತಿತ್ತು. ನಾನು ನೋಡುತ್ತಿರುವುದು ಕಂಡು ಗದರಿಸಿದಳು.

“ಏನು ನಿಂತ್ಕೊಂಡಿ? ಎಲ್ಲಾರ ತಾಟೂ ಖಾಲಿ ಅದಾವು. ಅನ್ನ ತಗೊಂಬಾ, ಓಲೇಕಾರ.”

ಟವಲ್ಲು ಸೊಂಟಕ್ಕೆ ಬಿಗಿದು ಅನ್ನದ ಬುಟ್ಟಿಗೆ ಓಡಿದೆ. ಕಾಲು ಎಳೆಯುವುದನ್ನು ಮರೆಯಲಿಲ್ಲ.